ಹೆಸರುಹಿಟ್ಟಿನಲ್ಲಿ ಮಿಂದ ಮರಿ

ಪಾತುಮ್ಮ ತನ್ನ ಆಡಿನ ಹಟ್ಟಿಯೊಳಗೆ ಕಾಲಿಡುವ ಮೊದಲು ಬಾಗಿಲು ತಟ್ಟುತ್ತಾಳೆ.

ಸಂಗತಿ ಇಷ್ಟೇ. ಆದರೆ ಕುಂಬ್ರ ಎಂದರೆ ದಾರಿಗಳು ಕೂಡುವ ಊರು. ಬಸ್ಸಿಗೆ ಕಾಯುವ ಜನಕ್ಕೆ ಬಸ್ಸು ಬರುವ ತನಕ ಬಾಯಾಡಿಸಲು ಏನಾದರೂ ಬೇಕು. ನೆಲಗಡಲೆ ಮುಗಿದರೆ ಊರವರ ಸುದ್ದಿಯಾದರೂ ಆದೀತು. ಹಾಗೆ ಈ ಸಂಗತಿಯೂ ಒಂದು ದಿನ ಬೆಳ್ಳಾರೆಯ ಬಸ್ಸು ಹತ್ತಿತು. ಹತ್ತುವಾಗ ಪಾತುಮ್ಮ ಬರೇ ಬಾಗಿಲು ತಟ್ಟುತ್ತಿದ್ದಳು. ಬೆಳ್ಳಾರೆಯಲ್ಲಿ ಇಳಿಯುವಾಗ, ತಟ್ಟಿ ಒಳಗಿನಿಂದ ಉತ್ತರ ಬರುವ ತನಕ ಹೊರಗೆ ಕಾಯುತ್ತಿದ್ದಳು. ಸುಳ್ಯ ಪೇಟೆ ಮುಟ್ಟುವಷ್ಟರಲ್ಲಿ ಆಡುಗಳು "ಈಗ ಪುರುಸೊತ್ತಿಲ್ಲ, ಮತ್ತೆ ಬಾ" ಎಂದು ಹೇಳಿ ಕಳಿಸಿದ್ದೂ, ಅವಳು ಜಡಿಮಳೆಯಲ್ಲಿ ಕೊಡೆ ಹಿಡಿದು ನಿಂತದ್ದೂ ಸೇರಿಕೊಂಡವು. ಸಂಪಾಜೆಯಲ್ಲಿ ಚಾ ಕುಡಿಯಲು ಲಾರಿ ನಿಲ್ಲಿಸಿದವರು ಅದನ್ನು ಘಾಟಿ ಹತ್ತಿಸಿದರು. ಮಡಿಕೇರಿಯಲ್ಲಿ ಹಟ್ಟಿಗೆ ಒಳಗಿನಿಂದ ಚಿಲಕ ಬಂತು. ಚಿಲಕದ ಉಸ್ತುವಾರಿಗೆ ಗಡ್ಡ ಬಿಟ್ಟ ಹೋತವೊಂದು ನೇಮಕವಾಯಿತು. ಹೀಗೆ ಊರೂರು ಸುತ್ತಿ ಮೈ ತುಂಬಿಕೊಂಡು ಕಥೆ ಕುಂಬ್ರಕ್ಕೆ ಮರಳಿದಾಗ, ಮೀನು ಮಾರಲು ಬಂದವನೊಬ್ಬ ಅದನ್ನು ಪಾತುಮ್ಮನಿಗೇ ಹೇಳಿದ. ಅವಳು ಬಂಗುಡೆಯ ಕಿವಿರು ಬಿಡಿಸಿ ನೋಡುತ್ತಾ, "ಅಂಥ ಹೆಂಗಸರೂ ಇರ್ತಾರಾ! ಎಲ್ಲಿಯವಳಂತೆ?" ಎಂದು ಕೇಳಿದಳಂತೆ.

ಈ ಮಹಾರಾಣಿಯ ಸಾಮ್ರಾಜ್ಯ ಇರುವುದು ಕುಂಬ್ರದಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಕೆಂಪು ಗುಡ್ಡೆಯ ಮೇಲೆ. ಆಳೆತ್ತರದ ಕಂಬಗಳ ಮೇಲೆ ನಿಂತ ಹಟ್ಟಿ. ನೆಲಕ್ಕೆ ಅಡಕೆ ಮರದ ಸಲಾಕೆಗಳು, ನಡುನಡುವೆ ಬೆರಳು ಹೋಗುವಷ್ಟು ಸಂದು. ಹಿಕ್ಕೆಯೆಲ್ಲ ಸಂದಿನಿಂದ ಕೆಳಗೆ ಉದುರುತ್ತದೆ, ಪ್ರಜೆಗಳು ಮೇಲೆ ಒಣಗಿದ ನೆಲದಲ್ಲಿ ಮಲಗಿ ಮೆಲುಕು ಹಾಕುತ್ತವೆ. ಯಾರಾದರೂ ಬಂದು ಕುರಿ ಸಾಕಿದರೆ ಹೇಗೆ ಎಂದು ಕೇಳಿದರೆ ಪಾತುಮ್ಮನ ಗಂಡ ಮೂಸಕುಂಞಿ, "ಕುರಿ ಇಲ್ಲಿಗೆ ಆಗುದಿಲ್ಲ ಮಾರಾಯ್ರೆ. ನಮ್ಮ ಮಳೆಗೆ ಅದರ ಉಣ್ಣೆ ಒಮ್ಮೆ ಚಂಡಿಯಾದ್ರೆ ಒಣಗ್ಲಿಕ್ಕೆ ದೀಪಾವಳಿ ಆಗ್ಬೇಕು" ಎಂದು ಸಲಹೆ ಕೊಟ್ಟು ಕಳಿಸುತ್ತಾನೆ.

ಸಲಹೆ ಕೊಡುವುದರಲ್ಲಿ ಮೂಸಕುಂಞಿಯನ್ನು ಮೀರಿಸಿದವರಿಲ್ಲ. ಬಹಳ ವರ್ಷ ಶಾರ್ಜಾದ ಕೆಫೆಟೇರಿಯಾ ಒಂದರಲ್ಲಿ ದುಡಿದು, ಒಂದು ಸೂಟ್‌ಕೇಸ್ ತುಂಬ ಅತ್ತರು ಮತ್ತು ಎಲ್ಲ ವಿಷಯದ ಮೇಲೂ ಒಂದೊಂದು ಅಭಿಪ್ರಾಯ ತುಂಬಿಕೊಂಡು ಊರಿಗೆ ಬಂದವನು ಅವನು. ಕುಂಬ್ರದಲ್ಲಿ ಫ್ಯಾನ್ಸಿ ಅಂಗಡಿ ತೆರೆದ. ಅದೇ ಹೊತ್ತಿಗೆ ಪಾತುಮ್ಮ ತವರಿನಿಂದ ಹಗ್ಗ ಹಿಡಿದು ಒಂದು ಆಡು ತಂದಳು. ಅವನ ಅಂಗಡಿಯಲ್ಲಿ ಸಾಮಾನು ಖಾಲಿಯಾಗುತ್ತಾ ಬಂದ ಹಾಗೆ ಇವಳ ಹಟ್ಟಿ ತುಂಬುತ್ತಾ ಬಂತು. ಕೊನೆಗೆ ಮೂಸಕುಂಞಿ ಅಂಗಡಿಗೆ ಬೀಗ ಹಾಕಿ, ಉಳಿದ ಅತ್ತರಿನ ಸಮೇತ ಹೆಂಡತಿಯ ಸಂಪುಟ ಸೇರಿದ. ಈಗ ಅವನು ಸೊಪ್ಪಿನ ಮಂತ್ರಿ. ಹಳೆಯ ಓಮ್ನಿಯಲ್ಲಿ ತೋಟ ತೋಟ ತಿರುಗಿ ಹಲಸಿನ ಸೊಪ್ಪು ಕಡಿದು ತರುವುದು, ಬದಲಿಗೆ ಆಡಿನ ಗೊಬ್ಬರ ಕೊಟ್ಟು ಬರುವುದು ಅವನ ಖಾತೆ. ಮಗ ಜಾಸಿರ್ ಈಗ ಅಪ್ಪನದೇ ಶಾರ್ಜಾದಲ್ಲಿ ಇದ್ದಾನೆ. ಅವನು ರಜೆಗೆ ಬಂದಾಗ ಹಟ್ಟಿಗೊಂದು ಕ್ಯಾಮರಾ ಹಾಕಿಸಿ ಹೋದ. ಅಲ್ಲಿ ಕೂತು ಮೊಬೈಲಿನಲ್ಲಿ ಆಡುಗಳನ್ನು ನೋಡುತ್ತಾನೆ. ಯಾವುದಾದರೂ ಆಡಿಗೆ ಹೆರಿಗೆ ನೋವು ಶುರುವಾದರೆ ಪಾತುಮ್ಮ ಮೊದಲು ಮಾಡುವ ಕೆಲಸ, ಕ್ಯಾಮರಾದ ಮೇಲೆ ಮೈ ಒರಸುವ ಬೈರಾಸೊಂದನ್ನು ಹಾಕುವುದು.

"ಗಂಡುಮಕ್ಕಳು ನೋಡುವಂಥದ್ದು ಎಂತ ಉಂಟು ಅದರಲ್ಲಿ?" ಎನ್ನುತ್ತಾಳೆ. ಬಾಗಿಲು ತಟ್ಟುವುದಕ್ಕೂ ಅವಳ ಕಾರಣ ಹೆಚ್ಚುಕಡಿಮೆ ಅದೇ: "ಒಳಗೆ ಯಾರು ಯಾವ ಅವಸ್ಥೆಯಲ್ಲಿ ಇರ್ತಾರೋ. ದಡಕ್ಕ ನುಗ್ಗಿದ್ರೆ ಮಲಗಿದ್ದು ಎದ್ದು ನಿಲ್ತದೆ."

ಗೇರು ಹೂ ಬಿಟ್ಟು ಗುಡ್ಡೆಯೆಲ್ಲ ಘಮ್ಮೆನ್ನುವ ಕಾಲದಲ್ಲಿ ಪಾತುಮ್ಮನ ಹಟ್ಟಿಗೂ ಹೆರಿಗೆಯ ಕಾಲ. ಈ ವರ್ಷ ರಂಜಾನ್ ತಿಂಗಳೂ ಅದೇ ಹೊತ್ತಿಗೆ ಬಂತು. ಹಗಲಿಡೀ ನೋಂಬು ಹಿಡಿದು, ಹನಿ ನೀರು ಮುಟ್ಟದೆ, ಅವಳು ಒಂದರ ಹಿಂದೆ ಒಂದು ಬಾಣಂತಿಯನ್ನು ಸುಧಾರಿಸುತ್ತಿದ್ದಳು. ಮೂಸಕುಂಞಿಯೂ ನೋಂಬು ಹಿಡಿಯುತ್ತಿದ್ದ. ಅವನ ನೋಂಬು ಮಾತ್ರ ಊರಿಗೆಲ್ಲ ಗೊತ್ತಾಗುತ್ತಿತ್ತು.

ಅಂಥ ಒಂದು ದಿನ ಬೆಳಿಗ್ಗೆ ಮೂಸಕುಂಞಿ ಸೊಪ್ಪಿಗೆಂದು ಬೆಳ್ಳಾರೆಯ ಹತ್ತಿರ ಗೋದಾವರಿಯ ತೋಟಕ್ಕೆ ಹೋದ. ಹಲಸಿನ ಮರ ಹತ್ತುವ ಮೊದಲೇ ಮನೆಯ ಅಂಗಳದಿಂದ ಅಳುವ ದನಿ ಕೇಳಿಸಿತು.

ಈ ಗೋದಾವರಿಯೂ ಸಾಮಾನ್ಯಳಲ್ಲ. ಪಾತುಮ್ಮ ಹಟ್ಟಿಯ ಮಹಾರಾಣಿಯಾದರೆ ಗೋದಾವರಿ ಬಚ್ಚಲುಮನೆಯ ಸೇನಾಧಿಪತಿ. ಬೆಳ್ಳಾರೆಯ ಸುತ್ತ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಮೀಯಿಸಲು ಅವಳೇ ಬರಬೇಕು. ಕಾಲು ನೀಡಿ ಮಣೆಯ ಮೇಲೆ ಕೂತು, ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ, ಹೆಸರುಹಿಟ್ಟು ಹಚ್ಚಿ, ಹದವಾದ ಬಿಸಿನೀರನ್ನು ಚೊಂಬಿನಿಂದ ಧಾರೆಯಾಗಿ ಹೊಯ್ದು, ಮೂಗು ನೆಟ್ಟಗಾಗಲಿ ಎಂದು ಒಮ್ಮೆ ಎಳೆದು, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿದರೆ ಮಗು ಮಧ್ಯಾಹ್ನದವರೆಗೆ ಕಣ್ಣು ಬಿಡುವುದಿಲ್ಲ. ಅವಳ ಕೈಯಲ್ಲಿ ಮಿಂದ ಮಗು ಸೊರಗಿದ್ದೇ ಇಲ್ಲ ಎಂಬ ಮಾತು ಇತ್ತು. ಮುಂದಿನ ತಿಂಗಳು ಅವಳ ಸ್ವಂತ ಮಗಳು ರಮ್ಯಶ್ರೀಗೇ ಹೆರಿಗೆ. ತವರಿಗೆ ಬಂದು ಕೂತಿದ್ದ ರಮ್ಯಶ್ರೀ, "ಅಮ್ಮನ ಕೈ ಉಂಟಲ್ಲ, ನನಗೆಂತ ಹೆದರಿಕೆ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಮೊಣಕಾಲು ನೋವೆಂದು ಗೋದಾವರಿ ದನ ಸಾಕುವುದನ್ನು ಬಿಟ್ಟ ಮೇಲೆ, ಚಾದ ಹಾಲಿಗಾದರೂ ಆಗಲಿ ಎಂದು ಪಾತುಮ್ಮ ಒಂದು ಹೆಣ್ಣು ಆಡಿನಮರಿಯನ್ನು ಕೊಟ್ಟು ಕಳಿಸಿದ್ದಳು. ಹೆಸರಿಡುವಾಗ ಗೋದಾವರಿ ತನ್ನ ನದಿಕುಲ ಬಿಟ್ಟು ಹೊರಗೆ ಹೋಗಲಿಲ್ಲ. ಅದಕ್ಕೆ ತುಂಗೆ ಎಂದಳು. ಆ ತುಂಗೆ ದೊಡ್ಡದಾಗಿ, ಈ ದಿನ ಬೆಳಕು ಹರಿಯುವಾಗ ಚೊಚ್ಚಲ ಮರಿ ಹಾಕಿತು. ಕಪ್ಪು ಮೈ, ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಹೆಣ್ಣುಮರಿ. ಮೈತುಂಬ ಲೋಳೆ. ಗೋದಾವರಿಯಂಥ ಗೋದಾವರಿಯ ಎದುರಿಗೆ ಲೋಳೆ ಮೆತ್ತಿದ ಎಳೆಕೂಸು! ಬಚ್ಚಲ ಹಂಡೆಯಲ್ಲಿ ನೀರು ಕಾದಿತ್ತು. ತುಂಗೆ ಎರಡನೇ ಮರಿಗಾಗಿ ತಿಣುಕುತ್ತಿರುವಾಗಲೇ ಅವಳು ಮೊದಲ ಮರಿಯನ್ನು ಎತ್ತಿಕೊಂಡು ಹೋಗಿ, ಎಣ್ಣೆಯಿಂದ ಸಾಂಬ್ರಾಣಿಯವರೆಗೆ ಒಂದನ್ನೂ ಬಿಡದೆ ಸಾಂಗವಾಗಿ ಮೀಯಿಸಿದಳು. ಅಭ್ಯಾಸಬಲದಿಂದ ಅದರ ಮೂಗನ್ನೂ ಒಮ್ಮೆ ಎಳೆದಳು. ಆಡಿನ ಮೂಗಿಗೆ ಅದರ ಅಗತ್ಯವೇನೂ ಇರಲಿಲ್ಲ.

ಮಿಂದು ಮಿರಿಮಿರಿ ಮಿಂಚುವ ಮರಿಯನ್ನು ತಂದು ತಾಯಿಯ ಮುಂದೆ ಬಿಟ್ಟರೆ, ತುಂಗೆ ಅಷ್ಟರಲ್ಲಿ ಎರಡನೇ ಮರಿ ಹಾಕಿ ಅದನ್ನು ನೆಕ್ಕುತ್ತಿತ್ತು. ತಲೆಯೆತ್ತಿ ಇದನ್ನು ಮೂಸಿತು. ಹಿಂದಕ್ಕೆ ಸರಿಯಿತು. ಇನ್ನೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಕೊಂಬಿನಿಂದ ಒಂದೇ ಗುದ್ದು. ಮರಿ ಗೋಡೆಯ ಬುಡಕ್ಕೆ ಉರುಳಿತು. ಮತ್ತೆ ಬಿಟ್ಟಳು, ಮತ್ತೆ ಗುದ್ದು. ಕೊಂಬು ಹಿಡಿದು ನಿಲ್ಲಿಸಿ ಮೊಲೆಗೆ ಬಿಟ್ಟರೆ ಒದೆತ. ಮರಿ ಕೊನೆಗೆ ಅಂಗಳದ ಮೂಲೆಯಲ್ಲಿ ಕಾಲು ಮಡಚಿ ಕೂತು, ಕೂಗುವುದನ್ನೂ ನಿಲ್ಲಿಸಿತು.

ಮೂಸಕುಂಞಿ ಬಂದು ನೋಡುವಾಗ ಬಾಗಿಲ ಬಳಿ ರಮ್ಯಶ್ರೀ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಮ್ಮನನ್ನೇ ನೋಡುತ್ತಾ ನಿಂತಿದ್ದಳು. ಗೋದಾವರಿಗೆ ಮರಿಯ ಅವಸ್ಥೆಗಿಂತ ಮಗಳ ಆ ನೋಟವೇ ಹೆಚ್ಚು ಚುಚ್ಚಿತು.

"ಮೂಸಾಕ, ಇದು ಸತ್ರೆ ನಾನು ಇನ್ನು ಒಂದು ಮಗುವನ್ನೂ ಮುಟ್ಟುದಿಲ್ಲ. ಮಗಳ ಮಗುವನ್ನೂ ಇಲ್ಲ" ಎಂದಳು.

"ಮರಿ ಸಾಯ್ಲಿಕ್ಕೆ ಪಾತು ಬಿಡ್ಬೇಕಲ್ಲ ಅಕ್ಕ. ಗಾಡಿ ಹತ್ತಿ."

ಅಡಕೆ ಹಾಳೆಯ ಮೇಲೆ ಹಳೆಯ ಸೀರೆ ಹಾಸಿ, ಮರಿಯನ್ನು ಅದರಲ್ಲಿ ಮಲಗಿಸಿ ಮಡಿಲಲ್ಲಿಟ್ಟುಕೊಂಡು ಗೋದಾವರಿ ಓಮ್ನಿ ಹತ್ತಿದಳು. ದಾರಿಯಲ್ಲಿ ಮೂಸಕುಂಞಿ ಎರಡು ಸಲ ಮೂಗರಳಿಸಿದ.

"ಎಂತ ಪರಿಮಳ ಅಕ್ಕ! ಮದುವೆ ಚಪ್ಪರದಲ್ಲಿ ಕೂತ ಹಾಗೆ ಆಗ್ತಾ ಉಂಟು."

ಗೋದಾವರಿ ಕಿಟಕಿಯ ಹೊರಗೆ ನೋಡಿದಳು.

ಪಾತುಮ್ಮ ಹಟ್ಟಿಯ ಮೆಟ್ಟಿಲ ಬಳಿಯೇ ನಿಂತಿದ್ದಳು. ಮರಿಯನ್ನು ಎತ್ತಿ ಅದರ ನೆತ್ತಿ ಮೂಸಿದವಳೇ ಗೋದಾವರಿಯ ಮುಖ ನೋಡಿದಳು.

"ಹೆಸರುಹಿಟ್ಟಾ?"

"ಹ್ಞೂಂ."

"ಸಾಂಬ್ರಾಣಿ?"

"ಸ್ವಲ್ಪ ತೋರಿಸಿದ್ದು."

"ಕಾಡಿಗೆ ಒಂದು ಬಾಕಿ ಆಯ್ತಲ್ಲ ಅಕ್ಕ."

ಗೋದಾವರಿ ತಲೆ ತಗ್ಗಿಸಿದಳು. "ಕೆನ್ನೆಯಲ್ಲಿ ಒಂದು ಸಣ್ಣ ಬೊಟ್ಟು ಇಟ್ಟಿದ್ದೆ. ದೃಷ್ಟಿಗೆ. ಮರಿ ಕಪ್ಪಲ್ವಾ, ಕಾಣುದಿಲ್ಲ ಅಷ್ಟೇ."

ಪಾತುಮ್ಮ ಸೆರಗನ್ನು ಬಾಯಿಗೆ ಒತ್ತಿ ಆ ಕಡೆ ತಿರುಗಿದಳು. ಅವಳ ಹೆಗಲು ಕುಲುಕುವುದು ಕಾಣಿಸಿತು. ಮತ್ತೆ ಈ ಕಡೆ ತಿರುಗುವಾಗ ಮುಖ ಗಂಭೀರವಾಗಿತ್ತು. "ಆಡಿಗೆ ಮೂಗೇ ಕಣ್ಣು ಅಕ್ಕ. ಹುಟ್ಟಿದ ಕೂಡ್ಲೆ ಆ ಲೋಳೆ ನೆಕ್ಕಿ ನೆಕ್ಕಿಯೇ ಇದು ನನ್ನದು ಅಂತ ಗುರ್ತ ಹಿಡಿಯುದು. ನೀವು ಆ ಗುರ್ತವನ್ನೇ ತೊಳ್ದು ಬಚ್ಚಲಿಗೆ ಬಿಟ್ರಿ. ಈಗ ತುಂಗೆಗೆ ಇದು ಯಾರದೋ ಮನೆಯ ಮಗು."

ಗೋದಾವರಿಯ ಕಣ್ಣು ತುಂಬಿತು. ಅದನ್ನು ನೋಡಿ ಮೂಸಕುಂಞಿ, "ನೀವು ಬೇಜಾರು ಮಾಡ್ಬೇಡಿ ಅಕ್ಕ. ಹೋದ ಮಳೆಗಾಲದಲ್ಲಿ ಇವಳು ಎಂತ ಮಾಡಿದ್ದು ಕೇಳಿ. ಮರಿಗೆ ಥಂಡಿ ಅಂತ ಜಾಸಿರ್ ಕಳಿಸಿದ ಹೇರ್ ಡ್ರೈಯರ್ ಹಿಡ್ದದ್ದು. ಅದು ಗುರ್ರ್ ಅಂದದ್ದೇ, ತಾಯಿ ಹಗ್ಗ ಕಿತ್ಕೊಂಡು ಗುಡ್ಡೆ ಇಳ್ದು ಮಸೀದಿ ಹತ್ರ ಸಿಕ್ಕಿದ್ದು" ಎಂದ.

"ಅದನ್ನು ಹೇಳದಿದ್ರೆ ನಿಮ್ಮ ನೋಂಬು ಮುರೀತದಾ?" ಎಂದು ಪಾತುಮ್ಮ ಗಂಡನನ್ನು ಗದರಿಸಿದಳು.

ಹಿಂದಿನ ದಿನ ಒಂದೇ ಮರಿ ಹಾಕಿದ್ದ ಕೆಂಪಿ ಎಂಬ ಆಡು ಹಟ್ಟಿಯಲ್ಲಿತ್ತು. ಎರಡು ಮರಿಗೆ ಸಾಲುವಷ್ಟು ಹಾಲಿತ್ತು. ಪಾತುಮ್ಮ ಬಾಗಿಲು ತಟ್ಟಿದಳು. ಒಂದು ಗಳಿಗೆ ಬಿಟ್ಟು ಒಳಗೆ ಹೋದಳು. ಗೋದಾವರಿಯೂ ಅವಳ ಹಿಂದೆ, ಯಾಕೆಂದು ಗೊತ್ತಿಲ್ಲದೆ ತಾನೂ ಒಮ್ಮೆ ಬಾಗಿಲು ತಟ್ಟಿಯೇ ಹೋದಳು. ಒಳಗೆ ಬೆಚ್ಚಗಿನ ಹಾಲಿನ, ಸೊಪ್ಪಿನ, ಎಳೆಯ ಮೈಗಳ ವಾಸನೆ. ಸಂದುಗಳಿಂದ ಬೆಳಕು ಗೆರೆಗೆರೆಯಾಗಿ ಬೀಳುತ್ತಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಒಂದು ಮಾತ್ರ ಎಚ್ಚರವಿದ್ದು, ನಿಂತಲ್ಲೇ ನಾಲ್ಕೂ ಕಾಲು ಮೇಲೆತ್ತಿ ಹಾರಿ ತನಗೆ ತಾನೇ ಬೆರಗಾಗುತ್ತಿತ್ತು.

ಪಾತುಮ್ಮ ಕೆಂಪಿಯ ಕೆಚ್ಚಲಿಗೆ ಮರಿಯನ್ನು ಹಿಂದಿನಿಂದ ಮೆಲ್ಲಗೆ ನೂಕಿದಳು. ಕೆಂಪಿ ತಿರುಗಿ ಮೂಸಿತು, ಸೀನಿತು, ಹಾಯಿತು.

"ನೋಡು, ಇದಕ್ಕೆ ಒಂದು ಉಪಾಯ ಉಂಟು" ಎಂದ ಮೂಸಕುಂಞಿ ಬಾಗಿಲಿನಿಂದಲೇ ಮಾಯವಾದ. ಪಾತುಮ್ಮ ಮರಿಯ ಕಾಲು ನೋಡುತ್ತಾ ಕೂತಿರುವಾಗ ಅವನು ವಾಪಸು ಬಂದು, ಕೆಂಪಿಯ ಮೂಗಿಗೂ ಕೆಂಪಿಯ ಸ್ವಂತ ಮರಿಗೂ ಗೋದಾವರಿಯ ಮರಿಗೂ ಏನನ್ನೋ ಉದಾರವಾಗಿ ಹಚ್ಚಿ, ಗೆದ್ದವನಂತೆ ಕೈ ಒರಸಿಕೊಂಡ. ಶಾರ್ಜಾದ ಊದ್ ಅತ್ತರು! ಎರಡು ಮರಿಗೂ ಒಂದೇ ವಾಸನೆ ಬಂದರೆ ತಾಯಿಗೆ ವ್ಯತ್ಯಾಸ ತಿಳಿಯಲಿಕ್ಕಿಲ್ಲ ಎಂಬುದು ಅವನ ಯುದ್ಧತಂತ್ರ.

ತಂತ್ರ ಅರ್ಧ ಫಲಿಸಿತು. ಕೆಂಪಿಗೆ ನಿಜಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಎರಡನ್ನೂ ಹಾಯಿತು.

ಈಗ ಹಟ್ಟಿಯಲ್ಲಿ ಅನಾಥ ಮರಿಗಳು ಎರಡಾದವು. ಪಕ್ಕದ ಆಡುಗಳು ಸಾಲಾಗಿ ಸೀನತೊಡಗಿದವು. ಹಟ್ಟಿಯ ಹೋತ ಮೇಲ್ದುಟಿ ಮಡಚಿ ಮೇಲೆ ನೋಡಿತು.

"ನಿಮ್ಮ ಅತ್ತರಿಗೆ ಕುಂಬ್ರದಲ್ಲಿ ಗಿರಾಕಿ ಸಿಗ್ಲಿಲ್ಲ ಅಂತ ಆಡಿಗೆ ಹಂಚುದಾ?" ಎಂದು ಪಾತುಮ್ಮ ಗುಡುಗಿದಳು. "ಹೋಗಿ, ಹೊರಗೆ ಹೋಗಿ ಕೂತ್ಕೊಳ್ಳಿ!"

"ಶಾರ್ಜಾದಲ್ಲಿ ಒಬ್ಬ ಸೂಡಾನಿನವ ಹೇಳಿದ್ದು..."

"ಅವನ ಹತ್ರವೇ ಹೋಗಿ!"

ಕೆಂಪಿಯ ಮೂಗನ್ನು ಒದ್ದೆ ಬಟ್ಟೆಯಿಂದ ಒರಸಿ ಒರಸಿ, ಅದರ ಸ್ವಂತ ಮರಿಗೆ ಅದರದೇ ಹಾಲು ಸವರಿ, ತಾಯಿ ಮಗುವನ್ನು ಒಂದು ಮಾಡುವಷ್ಟರಲ್ಲಿ ಪಾತುಮ್ಮನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಬಾಯಾರಿದ ತುಟಿಯನ್ನು ಒಮ್ಮೆ ಒತ್ತಿಕೊಂಡಳು, ಅಷ್ಟೇ. ಆಮೇಲೆ ಕೆಂಪಿಯ ಹಾಲನ್ನು ಸ್ವಲ್ಪ ಹಿಂಡಿ, ಮಕ್ಕಳಿಗೆ ಮದ್ದು ಕುಡಿಸುವ ಒಳಲೆಯಲ್ಲಿ ಗೋದಾವರಿಯ ಮರಿಯ ಬಾಯಿಗೆ ಬಿಟ್ಟಳು. ಅರ್ಧ ಒಳಗೆ ಹೋಯಿತು, ಅರ್ಧ ಕಟವಾಯಿಯಿಂದ ಇಳಿಯಿತು.

"ಇನ್ನೊಮ್ಮೆ ಬಿಸಿನೀರಲ್ಲಿ ಮೀಯಿಸಿದ್ರೆ ಈ ಪರಿಮಳ ಎಲ್ಲ ಹೋಗ್ತದಾ ಅಂತ..." ಎಂದಳು ಗೋದಾವರಿ.

"ಅಕ್ಕ, ನೀವು ಕೈಯನ್ನು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಕೊಳ್ಳಿ."

ಉಳಿದದ್ದು ಒಂದೇ ದಾರಿ. ಹಟ್ಟಿಯ ಮೂಲೆಯ ಗೂಡಿನಲ್ಲಿ ಬೊಳ್ಳಿ ಎಂಬ ಬಿಳಿ ಆಡು ಬೆಳಿಗ್ಗೆಯಿಂದ ನೆಲ ಕೆರೆಯುತ್ತಿತ್ತು. ಅದು ಇವತ್ತೇ ಹೆರುವುದು ಖಂಡಿತ. ಹೊಟ್ಟೆ ನೋಡಿದರೆ ಒಂದೇ ಮರಿ. ಅದು ಹೆರುವ ಗಳಿಗೆಯಲ್ಲಿ, ಅದು ಹಿಂದಿರುಗಿ ನೋಡುವ ಮೊದಲು, ಅದರದೇ ನೀರು ಲೋಳೆಯಲ್ಲಿ ಈ ಮರಿಯನ್ನು ಹೊರಳಿಸಿ ಮೂಗಿನ ಮುಂದೆ ಇಟ್ಟರೆ, ಮೊದಲ ಮರಿ ಇದೇ ಎಂದು ನಂಬಿದರೂ ನಂಬೀತು. ನಂಬದಿದ್ದರೆ?

"ನಂಬದಿದ್ರೆ ಒಳಲೆ" ಎಂದಳು ಪಾತುಮ್ಮ. "ಆದ್ರೆ ಇದಕ್ಕೆ ಚೀಪುವ ಮನಸ್ಸೇ ಹೋಗಿದೆ ಅಕ್ಕ. ತಾಯಿ ನೆಕ್ಕದ ಮರಿಗೆ ಬದುಕಿನಲ್ಲಿ ಆಸೆ ಇರುದಿಲ್ಲ. ನಾನು ಸುಳ್ಳು ಹೇಳುದಿಲ್ಲ ನಿಮಗೆ."

ಮಧ್ಯಾಹ್ನ ಕಳೆಯಿತು. ಬಿಸಿಲಿಗೆ ಮುರಕಲ್ಲು ಕಾದು ಕೆಂಡವಾಯಿತು. ಬೊಳ್ಳಿ ಮಲಗಿತು, ಎದ್ದಿತು, ತನ್ನ ಹೊಟ್ಟೆಯನ್ನು ತಾನೇ ತಿರುಗಿ ನೋಡಿತು, ಮತ್ತೆ ಸೊಪ್ಪು ತಿನ್ನಲು ಹೊರಟಿತು. ಹೊರಗೆ ಗೇರುಮರದ ಅಡಿಯಲ್ಲಿ ಮೂಸಕುಂಞಿ ದೇಶಭ್ರಷ್ಟ ರಾಜನಂತೆ ಕೂತು ತೂಕಡಿಸುತ್ತಿದ್ದ. ಗೋದಾವರಿ ಹಟ್ಟಿಯ ಮೆಟ್ಟಿಲಲ್ಲಿ ಕೂತು ಮಡಿಲ ಮರಿಯನ್ನು ಒಣಹುಲ್ಲಿನಿಂದ ತಿಕ್ಕುತ್ತಿದ್ದಳು. ಅಷ್ಟು ಮಾಡಬಹುದೆಂದು ಪಾತುಮ್ಮ ಅಪ್ಪಣೆ ಕೊಟ್ಟಿದ್ದಳು. ಮನೆಯಿಂದ ರಮ್ಯಶ್ರೀಯ ಫೋನು ಬಂತು. "ಹಾಲು ಕುಡೀತಾ ಅಮ್ಮ?" ಎಂದು ಕೇಳಿದಳು. "ಕುಡೀತದೆ" ಎಂದಳು ಗೋದಾವರಿ. ಕುಡಿಯಿತು ಎನ್ನಲು ಬಾಯಿ ಬರಲಿಲ್ಲ.

ಹೊತ್ತು ಇಳಿಯುವಾಗ ಒಳಗಿನಿಂದ ಪಾತುಮ್ಮನ ದನಿ ಬಂತು. "ಅಕ್ಕ! ಬೈರಾಸು!"

ಗೋದಾವರಿ ಓಡಿದಳು. ಕ್ಯಾಮರಾಕ್ಕೆ ಬೈರಾಸು ಹಾಕಿದ್ದೇ ತಡ, ಪಾತುಮ್ಮನ ಮೊಬೈಲು ಹೊಡೆದುಕೊಂಡಿತು. ಜಾಸಿರ್. ಸ್ಪೀಕರಿನಲ್ಲಿ ಶಾರ್ಜಾ ಮಾತಾಡಿತು: "ಉಮ್ಮ, ಎಂತ ಆಗ್ತಾ ಉಂಟು? ಇಲ್ಲಿ ರೂಮಿನವರೆಲ್ಲ ನೋಡ್ತಾ ಇದ್ದೇವೆ!"

"ಇನ್ನು ನೋಡಿದ್ದು ಸಾಕು. ಹೆತ್ತ ಮೇಲೆ ಹೇಳ್ತೇನೆ" ಎಂದು ಪಾತುಮ್ಮ ಶಾರ್ಜಾವನ್ನು ಆರಿಸಿದಳು.

ಬೊಳ್ಳಿ ಮಲಗಿ ಕಾಲು ನೀಡಿ ತಿಣುಕಿ ಮುಕ್ಕಿತು. ನೀರಿನ ಚೀಲ ಒಡೆಯಿತು. ಎರಡು ಗೊರಸಿನ ತುದಿ ಕಂಡಿತು, ಅದರ ಮೇಲೆ ಒಂದು ಮೂಗು, ಅಲ್ಲಿಗೆ ನಿಂತಿತು. ತಲೆ ದೊಡ್ಡದು. ಪಾತುಮ್ಮ ಕೈಗೆ ತೆಂಗಿನೆಣ್ಣೆ ಸವರಿ, ಕಣ್ಣು ಮುಚ್ಚಿ, ಬೆರಳಲ್ಲೇ ನೋಡುತ್ತಾ ದಾರಿ ಬಿಡಿಸತೊಡಗಿದಳು. ಬೊಳ್ಳಿ ಮುಕ್ಕಿದಾಗ ಎಳೆದಳು, ಬೊಳ್ಳಿ ಉಸಿರು ಬಿಟ್ಟಾಗ ಬಿಟ್ಟಳು. ಎಲ್ಲಿಯೂ ಅವಸರವಿಲ್ಲ. ಇಡೀ ದಿನ ಗಂಡನ ಮೇಲೆ ಗುಡುಗಿದ ಆ ಬಾಯಿಯಿಂದ ಈಗ ಸದ್ದೇ ಇಲ್ಲ. ಗೋದಾವರಿ ಎಷ್ಟೋ ಬಾಣಂತಿ ಕೋಣೆಗಳನ್ನು ಕಂಡವಳು. ಇಂಥ ಕೈಯನ್ನು ನೋಡಿದ್ದು ಕಡಿಮೆ.

"ಈಗ ಅಕ್ಕ" ಎಂದಳು ಪಾತುಮ್ಮ ಕಣ್ಣು ಬಿಡದೆ. "ನಿಮ್ಮ ಮರಿಯ ಕಾಲಿಗೆ ಆ ಬಟ್ಟೆ ಸಡಿಲ ಮಾಡಿ ಕಟ್ಟಿ. ಎದ್ದು ಓಡ್ಬಾರದು, ಈಗ ಹುಟ್ಟಿದ ಹಾಗೆ ಕಾಣ್ಬೇಕು. ಕಟ್ಟಿದ್ರಾ? ಇನ್ನು ಮೀಯಿಸಿ."

"ಮೀಯಿಸುದಾ? ಎಂತದ್ರಲ್ಲಿ?"

"ಇದ್ರಲ್ಲಿ. ನೆತ್ತಿಯಿಂದ ಬಾಲದವರೆಗೆ. ನಿಮ್ಮಷ್ಟು ಚಂದ ಯಾರಿಗೆ ಬರ್ತದೆ?"

ಗೋದಾವರಿ ಒಂದು ಗಳಿಗೆ ಆ ಲೋಳೆಯನ್ನು ನೋಡಿದಳು. ಸೆರಗು ಸಿಕ್ಕಿಸಿದಳು. ಮೊಣಕಾಲು ನೋವನ್ನು ಮರೆತು ಅಡಕೆ ಸಲಾಕೆಯ ಮೇಲೆಯೇ ಕಾಲು ನೀಡಿ ಕೂತು, ಮರಿಯನ್ನು ಕಾಲ ಮೇಲೆ ಮಲಗಿಸಿಕೊಂಡು, ಎರಡೂ ಕೈ ತುಂಬ ತೆಗೆದು ಹಚ್ಚತೊಡಗಿದಳು. ನೆತ್ತಿಗೆ, ಕಿವಿಯ ಹಿಂದೆ, ಕಂಕುಳಿಗೆ, ಬೆರಳು ಹೋಗುವ ಎಲ್ಲ ಮಡಿಕೆಗೂ. ಒಂದು ಕೂದಲೂ ಒಣಗಿ ಉಳಿಯದ ಹಾಗೆ. ಬೆಳಿಗ್ಗೆ ಹೆಸರುಹಿಟ್ಟನ್ನು ಎಷ್ಟು ನಿಷ್ಠೆಯಿಂದ ಹಚ್ಚಿದ್ದಳೋ ಅಷ್ಟೇ ನಿಷ್ಠೆ.

ಅಷ್ಟರಲ್ಲಿ ಬೊಳ್ಳಿಯ ಮರಿ ಪುಳಕ್ಕೆಂದು ಜಾರಿ ಪಾತುಮ್ಮನ ಕೈಗೆ ಬಂತು. ಅದೇ ಹೊತ್ತಿಗೆ ಗುಡ್ಡೆಯ ಕೆಳಗಿನ ಮಸೀದಿಯಿಂದ ಬಾಂಗು ಕೇಳಿತು.

ಮೂಸಕುಂಞಿ ನೀರಿನ ಲೋಟ, ಖರ್ಜೂರದ ತಟ್ಟೆ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷನಾದ. ಬಾಗಿಲು ತಟ್ಟಲು ಕೈ ಖಾಲಿ ಇರಲಿಲ್ಲ, ಗಂಟಲು ಕೆರೆದ. ಹೆಂಡತಿಯ ಎರಡೂ ಕೈ ಮೊಣಕೈವರೆಗೆ ಲೋಳೆ. ಅವನು ಗೋದಾವರಿಯ ಕಡೆ ನೋಡಿದ, ಮೇಲೆ ಹಟ್ಟಿಯ ಮಾಡಿನ ಕಡೆ ನೋಡಿದ. ಮಾಡನ್ನೇ ನೋಡುತ್ತಾ ಬಗ್ಗಿ, ಅಂದಾಜಿನಲ್ಲಿ ಒಂದು ಖರ್ಜೂರವನ್ನು ಪಾತುಮ್ಮನ ಬಾಯಿಗಿಟ್ಟು, ಒಂದು ಗುಟುಕು ನೀರು ಕುಡಿಸಿದ. ಅರ್ಧ ನೀರು ಅವಳ ಗಲ್ಲದಿಂದ ಇಳಿಯಿತು. ದುಡಿಯುವ ಮಗನಿರುವ ಗಂಡಸು ಕಿವಿಯವರೆಗೆ ಕೆಂಪಾದ. ಗೋದಾವರಿ ಮರಿಯ ಬಾಲಕ್ಕೆ ಇನ್ನಷ್ಟು ಗಮನ ಕೊಟ್ಟಳು.

"ಕೊಡಿ" ಎಂದಿತು ಖರ್ಜೂರ ತುಂಬಿದ ಬಾಯಿ.

ಗೋದಾವರಿ ಮರಿಯನ್ನು ಬೊಳ್ಳಿಯ ಮೂಗಿನ ಮುಂದೆ ಇಟ್ಟು ಹಿಂದೆ ಸರಿದಳು. ಪಾತುಮ್ಮ ಬೊಳ್ಳಿಯ ಸ್ವಂತ ಮರಿಯನ್ನು ಸೆರಗಿನ ಮರೆಯಲ್ಲೇ ಹಿಡಿದುಕೊಂಡಳು. ಬೊಳ್ಳಿ ಕತ್ತು ಚಾಚಿ ಮೂಸಿತು. ನಿಲ್ಲಿಸಿತು. ಮತ್ತೆ ಮೂಸಿತು, ಕಿವಿಯ ಹಿಂದೆ. ಊದ್ ಅತ್ತರಿನ ಜಾಗ ಅದು. ಬೊಳ್ಳಿಯ ತಲೆ ಮೆಲ್ಲನೆ ತಗ್ಗಿತು, ಹಾಯುವ ಮೊದಲು ತುಂಗೆ ತಗ್ಗಿಸಿದ ಹಾಗೆಯೇ. ಮೂಸಕುಂಞಿ ತಟ್ಟೆ ಹಿಡಿದಲ್ಲೇ ಕಲ್ಲಾದ.

ಆಗ ಪಾತುಮ್ಮ ಬಗ್ಗಿ, ಬೊಳ್ಳಿಯ ಕಿವಿಗೆ ಬಾಯಿ ತಂದು, ತುಟಿ ಅಲ್ಲಾಡಿಸಿದಳು. ಏನೋ ಮೆಲ್ಲಗೆ. ಅವಳ ಕಣ್ಣು ಅರೆಮುಚ್ಚಿತ್ತು. ಮುಖದಲ್ಲಿ ಸಂತರಿಗೆ ಮಾತ್ರ ಇರುವಂಥ ಒಂದು ತನ್ಮಯತೆ.

ಬೊಳ್ಳಿ ನಾಲಗೆ ಚಾಚಿತು. ಮರಿಯ ಮೂಗಿಗೆ ಒಮ್ಮೆ. ಹಣೆಯ ಬಿಳಿ ಚುಕ್ಕೆಗೆ ಒಮ್ಮೆ. ಮತ್ತೆ ಗಂಟಲೊಳಗಿಂದ ಒಂದು ಸಣ್ಣ ಸದ್ದು ಮಾಡಿತು, ಹೊಸ ಮರಿಗಲ್ಲದೆ ಬೇರೆ ಯಾರಿಗೂ ಆಡು ಮಾಡದ ಸದ್ದು. ಆಮೇಲೆ ನಿಲ್ಲಿಸಲೇ ಇಲ್ಲ. ನೆಕ್ಕಿತು, ಹೊರಳಿಸಿ ನೆಕ್ಕಿತು, ಊದ್ ಅತ್ತರನ್ನೂ ಸಾಂಬ್ರಾಣಿಯನ್ನೂ ಕೆನ್ನೆಯ ಕಾಡಿಗೆಯನ್ನೂ ಒಟ್ಟಿಗೆ ನೆಕ್ಕಿ ನುಂಗಿತು. ಪಾತುಮ್ಮ ಸ್ವಂತ ಮರಿಯನ್ನೂ ಪಕ್ಕಕ್ಕೆ ಬಿಟ್ಟಳು, ಕಾಲಿನ ಬಟ್ಟೆ ಬಿಚ್ಚಿದಳು. ಬೆಳಿಗ್ಗೆಯಿಂದ ಸುಮ್ಮನಿದ್ದ ಮರಿ ಒಮ್ಮೆ ಕೂಗಿತು. ನಡುಗುತ್ತಾ ಎದ್ದಿತು, ಬಿದ್ದಿತು, ಎದ್ದಿತು, ಬೊಳ್ಳಿಯ ಮುಂಗಾಲನ್ನು ಚೀಪಿ ನೋಡಿತು, ಹಿಂದಕ್ಕೆ ತಡಕಾಡಿ ಕೊನೆಗೆ ಮೊಲೆ ಸಿಕ್ಕಿ ಕಚ್ಚಿ ಹಿಡಿಯಿತು. ಅದರ ಬಾಲ ಗಿರಗಿರನೆ ಅಲ್ಲಾಡತೊಡಗಿತು.

ಗೋದಾವರಿ ಲೋಳೆಯ ಕೈಯಲ್ಲೇ ಕಣ್ಣು ಒರಸಿಕೊಂಡಳು. ಮುಖವೆಲ್ಲ ಮೆತ್ತಿತು, ಗೊತ್ತಾಗಲೂ ಇಲ್ಲ. ಮೂಸಕುಂಞಿಯ ಮುಖದಲ್ಲಿ ನಾಳೆ ಬೆಳಿಗ್ಗೆ ಕುಂಬ್ರದ ಬಸ್‌ಸ್ಟ್ಯಾಂಡಿನಲ್ಲಿ ಬಿಡುಗಡೆಯಾಗಲಿರುವ ಕಥೆ ಆಗಲೇ ಸಿದ್ಧವಾಗುತ್ತಿತ್ತು. ಅದಕ್ಕೆ ಒಂದೇ ಒಂದು ವಿವರ ಬಾಕಿ. ಅದನ್ನು ಗೋದಾವರಿಯೇ ಕೇಳಿದಳು.

"ಪಾತುಮ್ಮ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಹಾಯ್ಲಿಕ್ಕೆ ಹೊರಟದ್ದು ನಿಮ್ಮ ಒಂದು ಮಾತಿಗೆ ನಿಂತಿತು. ನನ್ನ ಕಣ್ಣಾರೆ ನೋಡಿದ್ದು. ಅದರ ಕಿವಿಯಲ್ಲಿ ನೀವು ಎಂತ ಹೇಳಿದ್ದು?"

ಮೂಸಕುಂಞಿ ಒಂದು ಹೆಜ್ಜೆ ಹತ್ತಿರ ಬಂದ.

ಪಾತುಮ್ಮ ಇಬ್ಬರನ್ನೂ ನೋಡಿದಳು.

"ಹೇಳುದೆಂತ ಅಕ್ಕ? ಬಾಯಲ್ಲಿ ಖರ್ಜೂರದ ಬೀಜ ಇತ್ತು. ನೀವು ಎದುರಿಗೇ ಕೂತಿದ್ರಿ, ಉಗುಳುದು ಹೇಗೆ? ಅದಕ್ಕೆ ಆ ಕಡೆ ಮುಖ ಮಾಡಿದ್ದು."